ಪಕ್ಕದ ಸೀಟಿನ ಬ್ರೇಕು

ಮಾರ್ಚ್ 2, ಸೋಮವಾರ. ಮಧ್ಯಾಹ್ನ

ಬೆಳಗಿನ ಬ್ಯಾಚ್ ಮುಗಿಯಿತು. ಬ್ಯಾಂಕಿನ ಹುಡುಗಿ — ಇವತ್ತೂ ಕ್ಲಚ್ ಬಿಡುವಾಗ ಕಣ್ಣು ಮುಚ್ಚಿಕೊಂಡಳು. ಸರ್ಕಲ್‌ನಲ್ಲಿ ಮೂರು ಸಲ ಇಂಜಿನ್ ಆಫ್. ಹಿಂದಿನಿಂದ ಹಾರ್ನೋ ಹಾರ್ನು. ಕೂಗಿದೆ. ಅತ್ತಳು. ಅತ್ತರೆ ಗೇರ್ ಬೀಳುತ್ತದಾ? ಪಕ್ಕದ ಸೀಟಿನಲ್ಲಿ ನನ್ನ ಕಾಲ ಕೆಳಗೂ ಒಂದು ಬ್ರೇಕು ಇದೆ, ಇಬ್ಬರೂ ಬದುಕಿದೆವು. ಹಲ್ಲಿನ ಡಾಕ್ಟರು — ಕನ್ನಡಿ ನೋಡುವುದೇ ಇಲ್ಲ. ಇನ್ನೂ ಐದು ಕ್ಲಾಸ್ ಬೇಕು.

ಸರ್ಕಲ್‌ನಲ್ಲಿ ಆ ಬಿಳಿ ವ್ಯಾನು ಇವತ್ತೂ ಸಿಕ್ಕಿತು. ಏನು ನಯ! ತಿರುವಿನಲ್ಲಿ ಒಂಚೂರೂ ಕುಲುಕುವುದಿಲ್ಲ. ಡಾಕ್ಟರಿಗೆ ತೋರಿಸಿದೆ. “ನೋಡಿ ಸ್ವಾಮಿ, ಡ್ರೈವಿಂಗ್ ಅಂದ್ರೆ ಅದು. ಲೋಟದ ತುಂಬ ನೀರಿಟ್ರೂ ಚೆಲ್ಲಲ್ಲ.” ಯಾರೋ ಹಳೆ ಕೈ ಇರಬೇಕು.

ಇಪ್ಪತ್ತಮೂರು ವರ್ಷದಿಂದ ಹೀಗೆ ಬರೆದಿಡುತ್ತಿದ್ದೇನೆ. ಯಾರು, ಏನು ತಪ್ಪು, ಎಷ್ಟು ಸಲ. ನಮ್ಮ ಡ್ರೈವಿಂಗ್ ಸ್ಕೂಲಿನವರು ಟೆಸ್ಟ್‌ನಲ್ಲಿ ನೂರಕ್ಕೆ ತೊಂಬತ್ತಾರು ಪಾಸ್. ಸುಮ್ಮನೆ ಬಂತಾ?

ವಿಷಯ ಅದಲ್ಲ. ಊಟಕ್ಕೆ ಬಂದರೆ ಟೇಬಲ್ ಮೇಲೆ ಕವರ್. ‘ಬಡಾವಣೆ ನಾಯಕತ್ವ ತರಬೇತಿಗೆ ತಾವು ಆಯ್ಕೆಯಾಗಿದ್ದೀರಿ.’ ಆರು ಶನಿವಾರ, ಲೈಬ್ರರಿ ಮಹಡಿಯಲ್ಲಿ. ನೂರ ಮೂವತ್ತು ಅರ್ಜಿ, ಆರಿಸಿದ್ದು ಹನ್ನೆರಡು. ಅರ್ಜಿ ನಾನು ಹಾಕೇ ಇಲ್ಲ! ಯಾರೋ ನನ್ನ ಹೆಸರು ಕಳಿಸಿದ್ದಾರೆ. ಯಾರು ಅಂತ ಇಲ್ಲ. ನಾಲ್ಕು ಸಲ ಓದಿದೆ. ಖುಷಿಯಾಯಿತು, ಸುಳ್ಳು ಯಾಕೆ.

ಇವಳಿಗೆ ತೋರಿಸಿದೆ. ಪಾತ್ರೆ ಒರೆಸುತ್ತಿದ್ದಳು. “ಹೌದಾ, ಒಳ್ಳೇದಾಯ್ತು ಬಿಡಿ” ಅಂದಳು. ತಿರುಗಿ ಕೂಡ ನೋಡಲಿಲ್ಲ. ಇಡೀ ಊರು ಗುರುತಿಸಿದರೂ ಕಟ್ಟಿಕೊಂಡವಳು ಗುರುತಿಸುವುದಿಲ್ಲ.

ಮಾರ್ಚ್ 7, ಶನಿವಾರ. ಸಂಜೆ

ಮೊದಲ ಕ್ಲಾಸ್. ಹನ್ನೆರಡು ಕುರ್ಚಿ, ದುಂಡಗೆ. ನಾಯಕರನ್ನು ಹೀಗಾ ಕೂರಿಸುವುದು? ವೇದಿಕೆ ಇಲ್ಲ, ಮೈಕ್ ಇಲ್ಲ. ಕಲಿಸುವ ಮೇಡಂಗೆ ನನಗೆ ಮಗಳಾಗುವಷ್ಟು ವಯಸ್ಸು. ಚಪ್ಪಲಿ ಬಿಚ್ಚಿ ಕುರ್ಚಿ ಮೇಲೆ ಕಾಲು ಮಡಚಿ ಕೂತಿದ್ದಳು.

ಒಬ್ಬೊಬ್ಬರೂ ಎರಡು ನಿಮಿಷ ತಮ್ಮ ಪರಿಚಯ ಹೇಳಬೇಕು. ಬೇಕರಿಯವರು, ಅಂಚೆ ಕಚೇರಿಯಾಕೆ, ಔಷಧಿ ಅಂಗಡಿಯವರು... ಎಲ್ಲರೂ ಏನೋ ಗೊಣಗಿ ಕೂತರು. ನಾನು ಎದ್ದು ನಿಂತೆ. ರಸ್ತೆ ಉಬ್ಬು, ಬೀದಿ ದೀಪ, ಶಾಲೆ ಮುಂದಿನ ಪಾರ್ಕಿಂಗ್ — ನನ್ನ ತಲೆಯಲ್ಲಿರುವುದನ್ನೆಲ್ಲ ಇಟ್ಟೆ. ಕೂತಾಗ ಮೇಡಂ ಗಡಿಯಾರ ನೋಡಿ, “ಹತ್ತೊಂಬತ್ತು ನಿಮಿಷ ಸರ್” ಅಂದರು. ನಗುತ್ತಲೇ. ಎಲ್ಲರೂ ನಕ್ಕರು. ನಾನೂ ನಕ್ಕೆ. ಬೀದಿಯಲ್ಲಿ ನನಗೆ ಮೈಕ್ ಮೇಷ್ಟ್ರು ಅಂತ ಹೆಸರಿದೆ, ಗೊತ್ತು. ಪ್ರೀತಿಯಿಂದ ಕರೆಯುತ್ತಾರೆ.

ಮುಂದಿನ ವರ್ಷ ಬೀದಿ ಸಮಿತಿಗೆ ಅಧ್ಯಕ್ಷ ಬೇಕು. ಈ ಸರ್ಟಿಫಿಕೇಟ್ ಇದ್ದರೆ ಯಾರೂ ಎದುರು ನಿಲ್ಲುವುದಿಲ್ಲ.

ಮಾರ್ಚ್ 14, ಶನಿವಾರ. ಸಂಜೆ

ಎರಡನೇ ಕ್ಲಾಸ್. ಮನೆಗೆಲಸ ಕೊಟ್ಟಿದ್ದಾರೆ, ಸ್ಕೂಲು ಮಕ್ಕಳಿಗೆ ಕೊಟ್ಟ ಹಾಗೆ. ನಮ್ಮ ಬೀದಿಯ ಒಂಬತ್ತು ಮನೆಗೆ ಹೋಗಬೇಕು. ಒಂದೇ ಪ್ರಶ್ನೆ — “ನಿಮಗೆ ಬೇಕಾಗಿದ್ದು, ಆದರೆ ಯಾರ ಹತ್ರಾನೂ ಕೇಳದೇ ಇರೋದು ಏನು?” ಕೇಳಿ ಬಾಯಿ ಮುಚ್ಚಬೇಕು. ಹತ್ತು ನಿಮಿಷ. ಗಡಿಯಾರ ಇಟ್ಟು. ಸಲಹೆ ಇಲ್ಲ, ಸಮಾಧಾನ ಇಲ್ಲ, ‘ನಾನು ಮಾಡಿಸ್ತೀನಿ ಬಿಡಿ’ ಇಲ್ಲ. ಒಂದು ಮಾತಾಡಿದರೂ ಆ ಮನೆ ಲೆಕ್ಕಕ್ಕಿಲ್ಲ. ಹತ್ತನೆಯದು ನಮ್ಮ ಸ್ವಂತ ಮನೆ.

“ಹತ್ತು ನಿಮಿಷ ಸುಮ್ನಿರೋದು ಯಾವ ನಾಯಕತ್ವ ಮೇಡಂ?” ಅಂದೆ.

“ಇದ್ದು ನೋಡಿ ಸರ್. ಆಮೇಲೆ ನೀವೇ ನನಗೆ ಹೇಳಿ.”

ಅಯ್ಯೋ, ಇದೇನು ಮಹಾ.

ಮಾರ್ಚ್ 15, ಭಾನುವಾರ. ಮಧ್ಯಾಹ್ನ

ಮಹಾ ಕಷ್ಟ. ಮೊದಲ ಮನೆಯಲ್ಲಿ ನಲವತ್ತು ಸೆಕೆಂಡ್ ತಡೆದೆ. ಔಷಧಿ ಅಂಗಡಿಯವರ ತಾಯಿ, “ನೀರಿನ ಪೈಪು...” ಅನ್ನುವಷ್ಟರಲ್ಲಿ ಪೈಪು ರಿಪೇರಿಯವನ ನಂಬರ್ ಕೊಟ್ಟೆ. ಅವರು ಹೇಳಹೊರಟಿದ್ದು ಪೈಪಿನ ವಿಷಯವೇ ಅಲ್ಲವಂತೆ. ಮತ್ತೇನು ಅಂದರೆ ನಕ್ಕು ಒಳಗೆ ಹೋದರು. ಲೆಕ್ಕಕ್ಕಿಲ್ಲ.

ಎರಡನೆಯ ಮನೆ ಟೈಲರಮ್ಮನದು. ಆರು ವರ್ಷದ ಹಿಂದೆ ನನ್ನ ಹತ್ತಿರವೇ ಡ್ರೈವಿಂಗ್ ಕಲಿತವರು, ಒಂದೇ ಸಲಕ್ಕೆ ಪಾಸ್. ತುಟಿಯನ್ನು ಹಲ್ಲಿನಿಂದ ಕಚ್ಚಿ ಹಿಡಿದು ಕೂತೆ. ಮೂರು ನಿಮಿಷ ಅವರೂ ಮಾತಾಡಲಿಲ್ಲ. ಹೊಲಿಗೆ ಮಿಷಿನ್ನಿಗೆ ಎಣ್ಣೆ ಬಿಟ್ಟರು, ಒರೆಸಿದರು. ಆಮೇಲೆ,

“ಬೇಜಾರು ಮಾಡ್ಕೋಬೇಡಿ ಅಣ್ಣಾ. ನನಗೆ ಗಾಡಿ ಓಡಿಸ್ಬೇಕು ಅಂತ ಆಸೆ. ಲೈಸೆನ್ಸ್ ಬಂದ ಮೇಲೆ ಒಂದು ದಿನಾನೂ ಓಡಿಸಿಲ್ಲ. ಸೀಟಲ್ಲಿ ಕೂತ ತಕ್ಷಣ ಕಿವೀಲಿ ನಿಮ್ಮ ದನಿ ಕೇಳ್ಸತ್ತೆ. ‘ಕಣ್ಣು ಎಲ್ಲಿಟ್ಟಿದೀಯಮ್ಮ, ಸಾಯಿಸ್ತೀಯಾ?’ ಅಂತ. ಕೈ ಬೆವೆತುಬಿಡತ್ತೆ. ಮೈದುನ ಓಡಿಸ್ತಾನೆ, ನಾನು ಹಿಂದೆ ಕೂತ್ಕೋತೀನಿ.”

ತಮಾಷೆ ಇರಬಹುದು ಅಂತ ಮುಖ ನೋಡಿದೆ. ಇಲ್ಲ. ಹತ್ತು ನಿಮಿಷ ಆಯಿತು, ಎದ್ದೆ. ಬಾಗಿಲ ತನಕ ಬಂದು, “ಮನೇಲೂ ಕೇಳಿ ಅಣ್ಣಾ” ಅಂದರು. ಪಟ್ಟಿಯಲ್ಲಿದೆ, ಹತ್ತನೆಯದು ಅಂದೆ. “ಹತ್ತನೇದಾ...” ಅಂದು ಬಾಗಿಲು ಹಾಕಿಕೊಂಡರು.

ಮಾರ್ಚ್ 17, ಮಂಗಳವಾರ. ಸಂಜೆ

ಒಂಬತ್ತು ಮನೆ ಮುಗಿಯಿತು. ಕೆಟ್ಟದ್ದು ಮೊದಲನೆಯದು ಒಂದೇ. ಆದರೆ ನಾನು ಕೆಟ್ಟೆ.

ಬೀದಿಯಲ್ಲಿ ನನ್ನ ಹತ್ತಿರ ಕಲಿತವರು ನಾಲ್ಕು ಜನ. ನಾಲ್ವರೂ ಪಾಸ್, ನೋಟ್‌ಬುಕ್ಕಿನಲ್ಲಿ ಇದೆ, ಹುಡುಕಿ ತೆಗೆದೆ. ಮೂವರು ಗಾಡಿ ಮುಟ್ಟುವುದಿಲ್ಲ. ನಾಲ್ಕನೆಯವರು ಬೇಕರಿಯವರು, ಓಡಿಸುತ್ತಾರೆ. ಆದರೆ ಪಕ್ಕದ ಸೀಟಿನಲ್ಲಿ ಯಾರೂ ಕೂರಬಾರದು. ಆ ಸೀಟಿನ ಮೇಲೆ ಬ್ರೆಡ್ ಟ್ರೇ ಇಟ್ಟುಕೊಂಡು ಹೋಗುತ್ತಾರಂತೆ. ಹೆಂಡತಿ ಮಕ್ಕಳೆಲ್ಲ ಹಿಂದೆ. ಇದನ್ನು ಹೇಳುತ್ತಾ ಅವರು ನಗುತ್ತಿದ್ದರು. ನನಗೆ ನಗು ಬರಲಿಲ್ಲ.

ತೊಂಬತ್ತಾರು ಪಾಸ್. ಅದರಲ್ಲಿ ಎಷ್ಟು ಜನ ಓಡಿಸುತ್ತಿದ್ದಾರೆ? ಇಪ್ಪತ್ತಮೂರು ವರ್ಷದಲ್ಲಿ ಆ ಪ್ರಶ್ನೆ ನನ್ನ ತಲೆಗೆ ಹೊಳೆದೇ ಇಲ್ಲ.

ಇನ್ನೊಂದು ವಿಚಿತ್ರ. ಏಳನೇ ಮನೆಯ ಮುದುಕಪ್ಪ ಹೊರಡುವಾಗ ಬೆನ್ನು ತಟ್ಟಿ, “ನಿಮ್ಮ ಮನೆಯವರು ಬಂಗಾರ ಕಣಪ್ಪ, ನಮ್ಮನ್ನೆಲ್ಲ ಮಕ್ಕಳ ಥರ ಕರ್ಕೊಂಡು ಹೋಗ್ತಾರೆ” ಅಂದರು. ಇವಳು ಹಿರಿಯರ ಹಗಲು ಕೇಂದ್ರದಲ್ಲಿ ಕೆಲಸ ಮಾಡುತ್ತಾಳೆ, ನೋಡಿಕೊಳ್ಳುತ್ತಾಳೆ ಸರಿ. ಕರೆದುಕೊಂಡು ಹೋಗುವುದು ಎಲ್ಲಿಗೆ? ಬಸ್ಸಿಗೆ ಹೋಗಿ ಬಸ್ಸಿಗೆ ಬರುವವಳು. ಡ್ರೈವಿಂಗ್ ಸ್ಕೂಲಿನವನ ಹೆಂಡತಿಗೆ ಸ್ಟೀರಿಂಗ್ ಹಿಡಿಯಲು ಬರುವುದಿಲ್ಲ ಅಂತ ಜನ ಆಡಿಕೊಳ್ಳುತ್ತಾರೆ. ನಾನೇನು ಮಾಡಲಿ? ಹದಿನೆಂಟು ವರ್ಷದ ಹಿಂದೆ ಕಲಿಸಲು ಹೋಗಿದ್ದೆ. ಎರಡನೇ ದಿನವೇ ನಡುರಸ್ತೆಯಲ್ಲಿ ಗಾಡಿ ನಿಲ್ಲಿಸಿ ಇಳಿದಳು, ನಡೆದುಕೊಂಡು ಮನೆಗೆ ಹೋದಳು. ಕೆಲವರಿಗೆ ಬರುವುದಿಲ್ಲ ಅಷ್ಟೇ ಅಂದುಕೊಂಡೆ.

ಅವತ್ತು ನಾನು ಏನು ಕೂಗಿದ್ದೆ? ನೆನಪಿಲ್ಲ.

ಮಾರ್ಚ್ 18, ಬುಧವಾರ. ಸಂಜೆ 7

ಬರೆಯಲು ಆಗುತ್ತಿಲ್ಲ. ಬರೆಯದೆ ಇರಲೂ ಆಗುತ್ತಿಲ್ಲ.

ಹತ್ತನೇ ಮನೆ. ಅಡುಗೆಮನೆ ಟೇಬಲ್. ಮಧ್ಯೆ ಗಡಿಯಾರ ಇಟ್ಟೆ. ತಮಾಷೆಯಾಗಿಯೇ ಶುರು ಮಾಡಿದೆ, “ಮೇಡಂ, ತಮಗೇನು ಬೇಕು, ಯಾರನ್ನೂ ಕೇಳದೇ ಇರೋದು?” ಅಂತ. ಇವಳು ಒಲೆ ಸಣ್ಣಗೆ ಮಾಡಿ ಎದುರು ಕೂತಳು.

“ನಿಜವಾಗ್ಲೂ ಹತ್ತು ನಿಮಿಷ ಮಾತಾಡಲ್ವಾ?”

ತಲೆ ಅಲ್ಲಾಡಿಸಿದೆ.

“ಸರಿ. ನನಗೆ ಡ್ರೈವಿಂಗ್ ಬರತ್ತೆ.”

ನಕ್ಕುಬಿಟ್ಟೆ. ನಗು ಮಾತಲ್ಲ, ಲೆಕ್ಕಕ್ಕೆ ಬರುವುದಿಲ್ಲ.

“ನವೆಂಬರಲ್ಲಿ ಲೈಸೆನ್ಸ್ ಬಂತು. ಸಕ್ಕರೆ ಡಬ್ಬದ ಹಿಂದೆ ಇದೆ, ಆಮೇಲೆ ನೋಡಿ. ನಾಲ್ಕು ತಿಂಗಳಿಂದ ನಮ್ಮ ಕೇಂದ್ರದ ವ್ಯಾನು ನಾನೇ ಓಡಿಸ್ತಿದೀನಿ. ಬೆಳಿಗ್ಗೆ ಒಂಬತ್ತು ಜನರನ್ನ ಮನೆಮನೆಯಿಂದ ಹತ್ತಿಸ್ಕೊಂಡು ಬರೋದು, ಸಂಜೆ ಬಿಟ್ಟು ಬರೋದು. ವ್ಯಾನ್ ಬಂದಿದೆ ಅಂತ ನಿಮಗೆ ಎರಡು ಸಲ ಹೇಳಿದೆ. ಎರಡೂ ಸಲ ನೀವು ಗೇರ್ ಬಾಕ್ಸ್ ಬಗ್ಗೆ ಹೇಳಿದ್ರಿ.”

ಸಕ್ಕರೆ ಡಬ್ಬದ ಕಡೆ ನೋಡಿದೆ.

“ಬಿಳಿ ವ್ಯಾನು. ಸರ್ಕಲ್‌ನಲ್ಲಿ ದಿನಾ ನಿಮ್ಮ ಪಕ್ಕದಲ್ಲೇ ಹೋಗ್ತೀನಿ ರೀ. ಮೊದಲ ವಾರ ಎದೆ ಬಾಯಿಗೆ ಬರ್ತಿತ್ತು. ಆಮೇಲೆ ಗೊತ್ತಾಯ್ತು, ನೀವು ಓಡಿಸೋರ ಮುಖ ನೋಡಲ್ಲ. ಚಕ್ರ ನೋಡ್ತೀರಿ.”

ಆ ವ್ಯಾನು! ದೇವರೇ. ಡಾಕ್ಟರಿಗೆ ತೋರಿಸಿದ್ದು ಇವಳನ್ನು. ಹಳೆ ಕೈ ಅಂತ ಬರೆದಿದ್ದು ಇವಳನ್ನು. ಈ ಪುಸ್ತಕದಲ್ಲಿಯೇ ಇದೆ, ಹದಿನಾರು ದಿನದ ಹಿಂದೆ.

ಇವಳು ಗಡಿಯಾರ ನೋಡಿದಳು. ದನಿ ಇನ್ನೂ ಇಳಿಸಿದಳು. “ಪಕ್ಕದ ಊರಲ್ಲಿ ಹೊಸ ಕೇಂದ್ರ ತೆಗೀತಿದಾರೆ. ಒಂದನೇ ತಾರೀಖಿಂದ ಅದನ್ನ ನೀನೇ ನೋಡ್ಕೋ ಅಂದಿದಾರೆ. ಒಪ್ಪಿದೀನಿ. ಉಳಿಯೋಕೆ ಅಲ್ಲೇ ಒಂದು ರೂಮು ಕೊಡ್ತಾರೆ. ಬೇಡ ಅಂದ್ರೆ ಮನೆಯಿಂದಲೂ ಹೋಗಿ ಬರ್ಬಹುದು, ನಲವತ್ತು ನಿಮಿಷದ ದಾರಿ. ರೂಮಾ, ಮನೆಯಾ ಅಂತ ಇಪ್ಪತ್ತೇಳಕ್ಕೆ ಹೇಳ್ಬೇಕು. ಏನು ಬೇಕು ಅಂತ ಕೇಳಿದ್ರಲ್ಲ... ನನಗೆ ಮನೆ ಬೇಕು ರೀ. ಆದ್ರೆ ಈ ಮನೇಲಿ ನಾನು —”

“ಯಾರ ಹತ್ರ ಕಲಿತೆ?”

ನನ್ನ ಬಾಯಿಯಿಂದ ಬಂತು. ನಾನು ಕೇಳಲಿಲ್ಲ, ಅದೇ ಬಂತು. “ಆ ಇನ್ನೊಂದು ಸ್ಕೂಲಿನ ಆಮೆ ಹತ್ರಾನಾ? ಇಡೀ ಊರಿಗೆ ಗೊತ್ತು, ನನಗೊಬ್ಬನಿಗೆ ಗೊತ್ತಿಲ್ವಾ? ನನ್ನ ಮರ್ಯಾದೆ ಏನಾಗ್ಬೇಕು?”

ಇವಳು ಎದ್ದಳು. ಒಲೆ ಆರಿಸಿದಳು. ಗಡಿಯಾರ ನನ್ನ ಕಡೆ ತಿರುಗಿಸಿಟ್ಟಳು. ಆರೂವರೆ ನಿಮಿಷ ಆಗಿತ್ತು.

‘ಈ ಮನೇಲಿ ನಾನು —’ ಏನು? ಏನು ಹೇಳಲು ಹೊರಟಿದ್ದಳು?

ಮಾರ್ಚ್ 21, ಶನಿವಾರ. ಸಂಜೆ

ಎರಡು ದಿನ ಬರೆಯಲಿಲ್ಲ. ಮನೆಯಲ್ಲಿ ಮಾತಿಲ್ಲ. ಜಗಳ ಆಗಿದ್ದರೆ ನನಗೆ ಗೊತ್ತಿತ್ತು ಹೇಗೆ ಅಂತ. ಇವಳು ಜಗಳವನ್ನೂ ಮಾಡುತ್ತಿಲ್ಲ. ಊಟಕ್ಕೆ ಬನ್ನಿ, ಬಾಗಿಲು ಹಾಕ್ಕೊಳ್ಳಿ, ಅಷ್ಟೇ. ಲೈಸೆನ್ಸ್ ನೋಡಿದೆ. ಸಕ್ಕರೆ ಡಬ್ಬದ ಹಿಂದೆಯೇ ಇತ್ತು. ಫೋಟೋದಲ್ಲಿ ನಗುತ್ತಿದ್ದಾಳೆ.

ಕ್ಲಾಸಿಗೆ ಹೋಗಬಾರದು ಅಂದುಕೊಂಡೆ, ಕಾಲು ತಾನಾಗಿ ಹೋಯಿತು. ಎಲ್ಲರೂ ತಮ್ಮ ಹತ್ತು ಮನೆಯ ಬಗ್ಗೆ ಹೇಳಿದರು. ನನ್ನ ಸರದಿ ಬಂದಾಗ, “ಹತ್ತನೇ ಮನೆ. ಆರೂವರೆ ನಿಮಿಷ” ಅಂದೆ. ಅಷ್ಟಕ್ಕೇ ಕೂತುಬಿಟ್ಟೆ. ಮೈಕ್ ಮೇಷ್ಟ್ರು! ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಮುಗಿದ ಮೇಲೆ ಮೇಡಂ ಹತ್ತಿರ ಹೋದೆ. ಬಿಟ್ಟುಬಿಡ್ತೀನಿ, ನನ್ನಂಥವನಿಗಲ್ಲ ಇದು ಅಂದೆ. ಅವರು ಫೈಲ್ ತೆಗೆದರು.

“ನಿಮ್ಮ ಹೆಸರು ಕಳಿಸಿದೋರು, ನೀವೇನಾದ್ರೂ ಬಿಡ್ತೀನಿ ಅಂದ್ರೆ ಇದನ್ನ ತೋರ್ಸಿ ಅಂದಿದ್ರು ಸರ್.”

ಅರ್ಜಿ. ಆ ಬರಹ ನನಗೆ ಗೊತ್ತು. ಇಪ್ಪತ್ತೇಳು ವರ್ಷದಿಂದ ದಿನಸಿ ಚೀಟಿಯಲ್ಲಿ ನೋಡಿದ್ದೇನೆ. ‘ಇವರನ್ನು ಏಕೆ ಆರಿಸಬೇಕು?’ ಅನ್ನುವ ಕಡೆ ಹೀಗಿತ್ತು —

‘ಒಳ್ಳೆಯವರು. ಯಾರಿಗೆ ಕಷ್ಟ ಅಂದರೂ ಓಡುತ್ತಾರೆ. ಕಷ್ಟ ಏನು ಅಂತ ಕೇಳಿಸಿಕೊಳ್ಳುವ ಮೊದಲೇ ಓಡುತ್ತಾರೆ. ನಿಮ್ಮ ನೋಟಿಸಿನಲ್ಲಿ, ಕೇಳಿಸಿಕೊಳ್ಳುವುದನ್ನು ಕಲಿಸುತ್ತೇವೆ ಅಂತ ಬರೆದಿದ್ದೀರಿ. ದಯವಿಟ್ಟು ಬೇಗ ಕಲಿಸಿ. ನನಗೆ ಹೆಚ್ಚು ದಿನ ಇಲ್ಲ.’

ಕೊನೆಯ ಸಾಲನ್ನು ಎರಡು ಸಲ ಓದಿದೆ. ಸಾಯುತ್ತಾಳೇನೋ ಅಂತ ಒಂದು ಕ್ಷಣ. ಆಮೇಲೆ ತಿಳಿಯಿತು. ಇಪ್ಪತ್ತೇಳನೇ ತಾರೀಖು.

ಲೈಬ್ರರಿ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಜನ ಪಕ್ಕದಲ್ಲಿ ಹತ್ತಿ ಇಳಿಯುತ್ತಿದ್ದರು. ಅಂಚೆ ಕಚೇರಿಯಾಕೆ ಬಂದು ನೀರಿನ ಬಾಟಲ್ ಇಟ್ಟು ಹೋದರು. ಒಂದು ಮಾತೂ ಆಡಲಿಲ್ಲ. ಅವರು ಕಲಿತುಬಿಟ್ಟಿದ್ದಾರೆ.

ಮಾರ್ಚ್ 22, ಭಾನುವಾರ. ಬೆಳಿಗ್ಗೆ 11

ಆಮೆ ಹತ್ತಿರ ಹೋಗಿದ್ದೆ. ಊರಿನ ಆ ತುದಿಯ ಡ್ರೈವಿಂಗ್ ಸ್ಕೂಲಿನವನು. ಆ ಹೆಸರಿಟ್ಟಿದ್ದು ನಾನೇ. ನಾನು ಹದಿನೈದು ಕ್ಲಾಸಿನಲ್ಲಿ ಮುಗಿಸುವುದನ್ನು ಅವನು ನಲವತ್ತು ಎಳೆಯುತ್ತಾನೆ. ಜಗಳಕ್ಕೇ ಹೋಗಿದ್ದು, ಒಪ್ಪಿಕೊಳ್ಳುತ್ತೇನೆ. ಗಾಡಿ ತೊಳೆಯುತ್ತಿದ್ದ. ಬಕೆಟ್ ಬೋರಲು ಹಾಕಿ “ಕೂತ್ಕೊಳ್ಳಿ ಮೇಷ್ಟ್ರೇ” ಅಂದ. ಬಕೆಟ್ ಮೇಲೆ ಕೂತವನು ಎಷ್ಟು ಅಂತ ಜಗಳ ಆಡುತ್ತಾನೆ?

“ಹೇಗೆ ಕಲಿತಳು?” ಅಂತ ಮಾತ್ರ ಕೇಳಿದೆ.

“ಮೊದಲ ಒಂಬತ್ತು ಕ್ಲಾಸು ಗಾಡಿ ಮುಂದಕ್ಕೇ ಹೋಗ್ಲಿಲ್ಲ. ಗೇರ್ ಹಾಕೋರು, ತಕ್ಷಣ ನನ್ನ ಕಡೆ ತಿರುಗೋರು. ಬೈಗುಳಕ್ಕೆ ಕಾಯ್ತಿದ್ರು. ನಾನು ಸೆಕೆ ಅಂತ ಕೈ ಎತ್ತಿ ಟೋಪಿ ತೆಗೆದ್ರೂ ಭುಜ ಕುಗ್ಗಿಸೋರು. ಹತ್ತನೇ ದಿನ ನಾನು ಹಿಂದಿನ ಸೀಟಿಗೆ ಹೋಗಿ ಕೂತೆ. ಖಾಲಿ ಮೈದಾನ. ಅವತ್ತು ಓಡಿಸಿದ್ರು ನೋಡಿ! ಇಳಿದು ಅತ್ರು. ಮೇಷ್ಟ್ರೇ, ಕೈ ಅವರದ್ದು ಹುಟ್ಟಾ ಡ್ರೈವರ್ ಕೈ. ನಾನು ಕಲಿಸಿದ್ದು ಏನೂ ಇಲ್ಲ, ಪಕ್ಕದ ಸೀಟು ಖಾಲಿ ಮಾಡಿದ್ದು ಅಷ್ಟೇ.”

ನಾನು ಇವಳ ಮೇಲೆ ಯಾವತ್ತೂ ಕೈ ಎತ್ತಿಲ್ಲ. ಒಂದು ದಿನವೂ ಇಲ್ಲ. ಅದನ್ನು ಹೇಳಬೇಕು ಅಂತ ಬಾಯಿ ತೆರೆದೆ. ಹೇಳಿ ಏನು ಪ್ರಯೋಜನ? ಭುಜ ಕುಗ್ಗಿದೆಯಲ್ಲ. ಇಪ್ಪತ್ತೇಳು ವರ್ಷ ಎದುರಿಗೇ ಇದ್ದೆ, ಆ ಭುಜ ನನಗೆ ಕಂಡಿಲ್ಲ. ಬ್ಯಾಂಕಿನ ಹುಡುಗಿ ಕಣ್ಣು ಮುಚ್ಚುವುದು ಕ್ಲಚ್‌ಗೆ ಅಂದುಕೊಂಡಿದ್ದೆ. ಥೂ, ನನ್ನ ಜನ್ಮಕ್ಕೆ.

ಮಾರ್ಚ್ 24, ಮಂಗಳವಾರ. ಮಧ್ಯಾಹ್ನ

ಬ್ಯಾಂಕಿನ ಹುಡುಗಿ. ಇಡೀ ಕ್ಲಾಸು ಕೂಗಲಿಲ್ಲ. ಎರಡು ಸಲ ಇಂಜಿನ್ ಆಫ್, ನಾನು ಕಿಟಕಿಯಾಚೆ ನೋಡಿದೆ. ಮೂರನೇ ಸಲಕ್ಕೆ ಹೊರಟಿತು. ಸರ್ಕಲ್ ದಾಟಿದ ಮೇಲೆ, “ಸರ್, ಹುಷಾರಿಲ್ವಾ?” ಅಂತ ಕೇಳಿದಳು. ಪಾಪ, ಹೆದರಿದ್ದಳು.

ಬಿಳಿ ವ್ಯಾನು ಸಿಕ್ಕಿತು. ಈ ಸಲ ಮುಖ ನೋಡಿದೆ. ಇವಳು ನೇರ ರಸ್ತೆ ನೋಡುತ್ತಿದ್ದಳು. ಹಿಂದಿನ ಸೀಟಿನ ಅಜ್ಜಿ ಏನೋ ಹೇಳುತ್ತಿದ್ದರು, ಇವಳು ನಗುತ್ತಿದ್ದಳು. ಹಾಗೆ ನಗುವುದನ್ನು ನೋಡಿ ಎಷ್ಟು ಕಾಲವಾಯಿತು?

ಸಂಜೆ 6

ಕೇಳಿದೆ. “ಉಳಿದ ಮೂರೂವರೆ ನಿಮಿಷ ಹೇಳ್ತೀಯಾ? ಮಾತಾಡಲ್ಲ.”

ಬಟ್ಟೆ ಮಡಚುತ್ತಿದ್ದಳು. ನಿಲ್ಲಿಸಲಿಲ್ಲ. “ಗಡಿಯಾರ ಇಟ್ಟು ಹೇಳೋದು ಮುಗೀತು ರೀ. ಶುಕ್ರವಾರ ಬೆಳಿಗ್ಗೆ ಹೊಸ ಕೇಂದ್ರಕ್ಕೆ ಹೋಗಿ ಉತ್ತರ ಹೇಳ್ಬೇಕು. ನಿಮ್ಮ ಗಾಡೀಲಿ ಹೋಗೋಣ. ನಾನು ಓಡಿಸ್ತೀನಿ, ನೀವು ಪಕ್ಕದಲ್ಲಿ ಕೂತ್ಕೊಳ್ಳಿ. ನಲವತ್ತು ನಿಮಿಷ. ಅಲ್ಲಿಗೆ ತಲುಪೋಷ್ಟ್ರಲ್ಲಿ ರೂಮಾ, ಮನೆಯಾ ಅಂತ ನನಗೇ ಗೊತ್ತಾಗತ್ತೆ.”

“ಆಯ್ತು.”

“ಆ ಬ್ರೇಕ್ ಇರಬಾರದು. ಅದರ ಮೇಲೆ ನಿಮ್ಮ ಕಾಲಿದ್ರೆ ಓಡಿಸೋದು ನಾನಲ್ಲ, ನೀವೇ.”

ಹೂಂ ಅಂದೆ. ಆ ಬ್ರೇಕಿಲ್ಲದೆ ಇಪ್ಪತ್ತಮೂರು ವರ್ಷದಲ್ಲಿ ಪಕ್ಕದ ಸೀಟಿನಲ್ಲಿ ಕೂತವನೇ ಅಲ್ಲ.

ಮಾರ್ಚ್ 26, ಗುರುವಾರ. ಸಂಜೆ

ಬಿಚ್ಚಿದೆ. ಮೆಕ್ಯಾನಿಕ್ ಹತ್ತಿರ ಹೋಗಲಿಲ್ಲ, ನಾನೇ ಸ್ಪಾನರ್ ಹಿಡಿದೆ. ನಾಲ್ಕು ಬೋಲ್ಟು. ಮೂರು ಸುಲಭವಾಗಿ ಬಂದವು, ನಾಲ್ಕನೆಯದು ತುಕ್ಕು ಹಿಡಿದು ಕೂತಿತ್ತು. ಒಂದು ಗಂಟೆ ಹಿಡಿಯಿತು, ಗೆಣ್ಣು ತರಚಿತು. ಪೆಡಲಿನ ರಬ್ಬರು ನನ್ನ ಪಾದದ ಆಕಾರಕ್ಕೆ ಸವೆದುಹೋಗಿದೆ. ನಾಳೆ ಬೆಳಗಿನ ಬ್ಯಾಚ್‌ಗೆ ರಜೆ ಹೇಳಿದೆ. ಕಲಿಯುವವರಿಗೆ ಬ್ರೇಕು ಬೇಕು, ಸಂಜೆ ಮತ್ತೆ ಹಾಕಬೇಕು. ಇವಳು ಕಲಿಯುವವಳಲ್ಲ.

ಟೈಲರಮ್ಮ ಗೇಟಿನಿಂದ ನೋಡುತ್ತಿದ್ದರು. “ಏನು ಅಣ್ಣಾ, ರಿಪೇರಿನಾ?” ಅಂದರು. ಹೌದು ಅಂದೆ.

ಭಯ. ಅಪಘಾತದ ಭಯ ಅಲ್ಲ. ಈ ಮನೆ ಇವಳಿಲ್ಲದೆ ಹೇಗಿರುತ್ತದೆ ಅಂತ ಯೋಚಿಸಿದೆ. ಬರೀ ನನ್ನ ದನಿ. ಕೇಳುವವರೂ ಇಲ್ಲ.

ಮಾರ್ಚ್ 27, ಶುಕ್ರವಾರ. ಬೆಳಿಗ್ಗೆ 8.10

ಗಾಡಿಯಲ್ಲಿ ಕೂತು ಬರೆಯುತ್ತಿದ್ದೇನೆ. ಪಕ್ಕದ ಸೀಟು. ಕಾಲ ಕೆಳಗೆ ಬರೀ ನಾಲ್ಕು ತೂತು. ಇವಳು ಬಾಗಿಲಿಗೆ ಬೀಗ ಹಾಕುತ್ತಿದ್ದಾಳೆ.

“ಪುಸ್ತಕ ತಂದಿದೀರಾ? ಒಳ್ಳೇದೇ. ಬಾಯಿಗೆ ಬಂದಿದ್ದೆಲ್ಲ ಅದರಲ್ಲಿ ಬರೀರಿ” ಅಂದಳು. ಅದಕ್ಕೇ ತಂದಿದ್ದು.

8.14. ಸೀಟು ಮುಂದಕ್ಕೆ ಎಳೆದುಕೊಂಡಳು. ಕನ್ನಡಿ ಸರಿಮಾಡಿದಳು. ಹ್ಯಾಂಡ್‌ಬ್ರೇಕ್ ಇಳಿಸಿಲ್ಲ. ಹೇಳಬೇಕು. ಹೇಳುವುದಿಲ್ಲ. ಹೇಳಬೇಕು... ಇಳಿಸಿದಳು.

8.20. ಸರ್ಕಲ್. ಲಾರಿ. ಕಾಲು ತಾನಾಗಿ ನೆಲ ಒತ್ತಿತು. ಅಲ್ಲಿ ಏನೂ ಇಲ್ಲ. ಇವಳು ನೋಡಿದಳು. ಲಾರಿಗೆ ದಾರಿ ಬಿಟ್ಟಳು.

8.31. ಹೆದ್ದಾರಿ. ನಾಲಿಗೆ ಕಚ್ಚಿ ಕಚ್ಚಿ ರುಚಿ ಕೆಟ್ಟಿದೆ. ಮುಂದಿನ ಬಸ್ಸನ್ನು ನಾನಾಗಿದ್ದರೆ ಆಗಲೇ ದಾಟಿರುತ್ತಿದ್ದೆ. ಇವಳು ಕಾದಳು. ದಾಟಿದಳು. ಕಾದದ್ದೇ ಸರಿ, ತಿರುವಿತ್ತು.

8.43. ಈಗ ಗಮನಿಸಿದೆ. ಓಡುವ ಗಾಡಿಯಲ್ಲಿ ಕೂತು ಬರೆದದ್ದು ಜೀವಮಾನದಲ್ಲಿ ಇದೇ ಮೊದಲು. ಹಿಂದಿನ ಪುಟ ತಿರುಗಿಸಿದೆ, ಮನೆಯಲ್ಲಿ ಟೇಬಲ್ ಮೇಲೆ ಬರೆದದ್ದು. ಇದನ್ನು ನೋಡಿದೆ. ಎರಡೂ ಒಂದೇ ಥರ ಇದೆ. ಒಂದಕ್ಷರವೂ ಅಲುಗಿಲ್ಲ.

8.49. ಕೇಂದ್ರದ ಬೋರ್ಡು ದೂರದಲ್ಲಿ ಕಾಣುತ್ತಿದೆ. ಗಾಡಿ ನಿಧಾನ ಮಾಡಿದಳು. ಭುಜ ನೋಡುತ್ತಿದ್ದೇನೆ. ಕುಗ್ಗಿಲ್ಲ. “ರೀ, ಅವತ್ತು ಅರ್ಧಕ್ಕೆ ನಿಂತಿತ್ತಲ್ಲ” ಅನ್ನುತ್ತಿದ್ದಾಳೆ. “ಈ ಮನೇಲಿ ನಾನು —” ಪೆನ್ನು ಇಡುತ್ತೇನೆ, ಕೇಳಬೇಕು.